ನಿಂಬೆಹಣ್ಣಿಗೆ ಕುಂಕುಮ, ನನಗೆ ಸ್ಪ್ಯಾನರ್

ನನ್ನ ಹುಟ್ಟಿಗೆ ಕಾರಣ ಒಂದೂವರೆ ಬೆರಳು. ಬೆರಳು ನನ್ನದಲ್ಲ, ಗುರುಪಾದಪ್ಪ ಮೇಸ್ತ್ರಿಯದು.

ನಾನು ಒಂದು ಜಾಲರಿ. ಕಬ್ಬಿಣದ ಮೂರು ಮಗ್ಗುಲಿನ ಚೌಕಟ್ಟಿಗೆ ದಪ್ಪ ತಂತಿಯ ಬಲೆ ಕೂಡಿಸಿ, ಮೇಲೆ ಹಳದಿ ಬಣ್ಣ ಬಳಿದರೆ ನಾನಾಗುತ್ತೇನೆ. ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಬಾಗಿಲಿನ ಬಿಜಾಗರಿ ತಯಾರಿಸುವ ಒಂದು ಶೆಡ್ಡು. ಅಲ್ಲೊಂದು ಪವರ್ ಪ್ರೆಸ್ಸು. ಕಾಲಿನ ಪೆಡಲು ತುಳಿದರೆ ಅದು ಮೇಲಿನಿಂದ ಮುಷ್ಟಿ ಇಳಿಸಿ ತಗಡು ಕತ್ತರಿಸುತ್ತದೆ. ತಗಡಿಗೂ ಬೆರಳಿಗೂ ಭೇದ ಮಾಡುವುದಿಲ್ಲ. ಮೇಸ್ತ್ರಿಯ ಬಲಗೈಯ ಒಂದೂವರೆ ಬೆರಳು ಹಾಗೆ ಹೋದ ಮೇಲೆ ಕಾರ್ಖಾನೆ ಇಲಾಖೆಯಿಂದ ಕಾಗದ ಬಂತು: ಯಂತ್ರದ ಬಾಯಿಗೆ ಭದ್ರವಾದ ತಡೆಯನ್ನು ಅಳವಡಿಸತಕ್ಕದ್ದು. ಬೇರೆಯವರು ಪ್ರೀತಿಯಿಂದ ಹುಟ್ಟುತ್ತಾರೆ. ನಾನು ಹುಟ್ಟಿದ್ದು ‘ತಕ್ಕದ್ದು’ ಎಂಬ ಮಾತಿನಿಂದ.

ನನ್ನನ್ನು ನಾಲ್ಕು ಬೋಲ್ಟು ಹಾಕಿ ಪ್ರೆಸ್ಸಿನ ಬಾಯಿಗೆ ಕೂರಿಸಿದರು. ಕೆಳಗೊಂದು ಸಣ್ಣ ಸಂದು. ತಗಡು ಹೋಗುತ್ತದೆ, ಬೆರಳು ಹೋಗುವುದಿಲ್ಲ. ಪ್ರೆಸ್ಸಿನ ಮುಂದೆ ಮೇಸ್ತ್ರಿಯ ಜಾಗಕ್ಕೆ ಬಂದವಳು ಫಕ್ಕೀರವ್ವ. ಬೆಳಗ್ಗೆ ಐದು ಮನೆಗೆ ಜೋಳದ ರೊಟ್ಟಿ ತಟ್ಟಿಕೊಟ್ಟು, ಆಮೇಲೆ ಶೆಡ್ಡಿಗೆ ಬರುವವಳು. ಎರಡೂ ಕಡೆ ಅವಳ ಬದುಕು ಹತ್ತು ಬೆರಳಿನ ಮೇಲೆ. ನನ್ನನ್ನು ನೋಡಿದ್ದೇ ಸೊಂಟಕ್ಕೆ ಕೈ ಇಟ್ಟಳು.

“ಗುರುಪಾದಣ್ಣಾ, ಇದೇನ್ ಕೋಳಿ ಪಂಜರ ತಂದ್ ಹಾಕೀರಿ? ಕೈ ಹೆಂಗ ಆಡಸ್ಲಿ?”

“ಕೈ ಆಡಸಬಾರ್ದು ಅಂತನ ಹಾಕೇತವಾ,” ಅಂದ ಮೇಸ್ತ್ರಿ.

ದಿನಕ್ಕೆ ಸಾವಿರ ಬಿಜಾಗರಿ ಬೀಳುತ್ತಿದ್ದ ಪ್ರೆಸ್ಸಿನಲ್ಲಿ ಏಳುನೂರು ಬಿದ್ದವು. ಎಂಟನೆಯ ದಿನ ಮಾಲಕ ಅಡಿವೆಪ್ಪನವರು ನನ್ನೆದುರು ನಿಂತು, ಮದುವೆ ಮನೆಯಲ್ಲಿ ಬೇಡದ ನೆಂಟನನ್ನು ನೋಡುವಂತೆ ನೋಡಿದರು. “ಸದ್ಯಕ ತಗದ್ ಇಡ್ರಿ,” ಅಂದರು. ಆ ‘ಸದ್ಯಕ್ಕೆ’ ನಾಲ್ಕು ವರ್ಷ ನಡೆಯಿತು.

ನನ್ನನ್ನು ಎದುರುಗೋಡೆಯ ಮೊಳೆಗೆ ತೂಗುಹಾಕಿದರು. ಅಲ್ಲಿಂದಲೇ ನಾನು ಅವನನ್ನು ಕಂಡದ್ದು. ನನ್ನ ಜಾಗದಲ್ಲಿ, ಪ್ರೆಸ್ಸಿನ ಮುಷ್ಟಿಗೆ ದಾರದಲ್ಲಿ ಕಟ್ಟಿದ ಒಂದು ನಿಂಬೆಹಣ್ಣು! ಜೊತೆಗೆ ಸೇವಕರಂತೆ ನಾಲ್ಕು ಹಸಿಮೆಣಸಿನಕಾಯಿ. ಪ್ರತಿ ಅಮಾವಾಸ್ಯೆಗೆ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿ, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಫಕ್ಕೀರವ್ವ ಕೈಮುಗಿಯುತ್ತಿದ್ದಳು. “ನನ್ನ ಕೈ ಕಾಯೋ ನಮ್ಮಪ್ಪಾ.”

ಯಾರನ್ನು ಕೇಳುತ್ತಿದ್ದಾಳೆ, ನೋಡಿ! ಕೈ ಕಾಯುವುದಕ್ಕೆಂದೇ ಬೆಸುಗೆ ಹಾಕಿಸಿಕೊಂಡು ಬಂದವನು ಗೋಡೆಯ ಮೇಲೆ ಧೂಳು ತಿನ್ನುತ್ತಿದ್ದೇನೆ. ಆ ಹಣ್ಣಿಗೆ ಇರುವುದು ಒಂದು ತಿಂಗಳ ನೌಕರಿ. ಅದರಲ್ಲೂ ಕೊನೆಯ ಹದಿನೈದು ದಿನ ಸುಕ್ಕುಗಟ್ಟಿ, ಕಪ್ಪಾಗಿ, ಮೂಲೆಯ ಮುದುಕನಂತೆ ತೂಗಾಡುತ್ತದೆ. ಆದರೂ ‘ನಿನ್ನಿಂದ ಕೆಲಸ ನಿಧಾನವಾಯಿತು’ ಎಂದು ಅದಕ್ಕೆ ಯಾರೂ ಅನ್ನಲಿಲ್ಲ. ಆಯುಧಪೂಜೆಯ ದಿನ ಪ್ರೆಸ್ಸಿಗೆ ಚೆಂಡುಹೂವಿನ ಮಾಲೆ, ಸುತ್ತಿಗೆಗೆ ವಿಭೂತಿ, ಕಸಬರಿಗೆಗೂ ಒಂದು ಹೂವು. ನನ್ನ ಮೇಲೆ ಮೇಸ್ತ್ರಿ ತನ್ನ ಒದ್ದೆ ಟವೆಲು ಒಣಹಾಕಿದ್ದ. ಆ ದಿನ ನನಗೆ ಮೊದಲ ತುಕ್ಕು ಬಂತು. ತೇವದಿಂದ ಎಂದು ಅವರು ಅಂದುಕೊಂಡರು.

ನನಗೂ ವರ್ಷಕ್ಕೊಮ್ಮೆ ಅರ್ಧ ತಾಸಿನ ಮರ್ಯಾದೆ ಸಿಗುತ್ತಿತ್ತೆನ್ನಿ. ತಪಾಸಣೆಯವರ ಜೀಪು ವಸಾಹತಿಗೆ ಬಂದರೆ ಪಕ್ಕದ ಶೆಡ್ಡಿನ ವಾಚ್‌ಮನ್ ಫೋನು ಮಾಡುತ್ತಿದ್ದ. “ಬೀಗರು ಬಂದ್ರು.” ಅಷ್ಟೇ ಮಾತು. ಮೇಸ್ತ್ರಿ ನನ್ನನ್ನು ಮೊಳೆಯಿಂದ ಇಳಿಸಿ, ಟವೆಲಿನಿಂದ ಒರೆಸಿ, ಆರೇ ನಿಮಿಷದಲ್ಲಿ ನಾಲ್ಕೂ ಬೋಲ್ಟು ಬಿಗಿಯುತ್ತಿದ್ದ. ಎಂಟೂವರೆ ಬೆರಳಿನಲ್ಲಿ ಅಷ್ಟು ಚುರುಕು. ಬೀಗರು ಹೋದ ಮೇಲೆ ನಾನು ಮತ್ತೆ ಮೊಳೆಗೆ.

ಹೀಗಿರುವಾಗ ಒಂದು ಅಮಾವಾಸ್ಯೆಯ ಮರುದಿನ ಫೋನು ಬಂತು. ಮೇಸ್ತ್ರಿ ಎಂದಿನಂತೆ ಓಡಿಬಂದ, ಎಂದಿನಂತೆ ನನ್ನನ್ನು ಕೂರಿಸಿದ. ಕೊನೆಯ ಬೋಲ್ಟು ಬಿಗಿಯುವಾಗ ಒಳಗೆ ನೋಡಿದೆ. ಹಿಂದಿನ ದಿನ ಕಟ್ಟಿದ ನಿಂಬೆಹಣ್ಣು ನನ್ನ ಬಲೆಯ ಹಿಂದೆ ಹೊಚ್ಚಹೊಸದಾಗಿ ನಗುತ್ತಿತ್ತು. ಜಂಬ ನೋಡಿ, ಅಂದುಕೊಂಡೆ.

ಬಂದವರು ಹೊಸ ಇನ್‌ಸ್ಪೆಕ್ಟರು, ನಾಗರತ್ನಾ ಎಂಬ ಹೆಸರಿನ ಗಿಡ್ಡ ಹೆಂಗಸು, ತುಮಕೂರು ಕಡೆಯವರು. ಅಡಿವೆಪ್ಪನವರು ಕೊಟ್ಟ ಎಳನೀರನ್ನು ಕಿಟಕಿಯ ಕಟ್ಟೆಯ ಮೇಲೆ ಹಾಗೇ ಇಟ್ಟರು. ನೆಟ್ಟಗೆ ನನ್ನ ಹತ್ತಿರ ಬಂದು ಬಗ್ಗಿ ನೋಡಿದರು.

“ಈ ಗಾರ್ಡು ಯಾವಾಗ್ಲೂ ಹಾಕಿರುತ್ತಾ?”

“ಯುಗಾದಿಯಿಂದ ಬಿಚ್ಚೇ ಇಲ್ರಿ ಮೇಡಂ,” ಅಂದರು ಅಡಿವೆಪ್ಪ, ಎದೆಯ ಮೇಲೆ ಕೈ ಇಟ್ಟು.

“ಒಂದ್ ದಿನಾನೂ?”

“ಒಂದ್ ತಾಸೂ ಇಲ್ರಿ.”

ಮೇಡಂ ನನ್ನ ಬಲೆಯೊಳಗೆ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಕೆಳಗಿನ ಸಂದಿನಲ್ಲಿ ಪೆನ್ನು ಹಾಕಿದರು. ಹೋಯಿತು, ಕಷ್ಟಪಟ್ಟು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು:

“ಹಂಗಾದ್ರೆ ಇಷ್ಟು ತಾಜಾ ನಿಂಬೆಹಣ್ಣು ಒಳಗೆ ಹೇಗ್ ಹೋಯ್ತು?”

ಅಡಿವೆಪ್ಪನವರ ಕೈ ಎದೆಯಿಂದ ಕೆಳಗಿಳಿಯಿತು.

“ಅದು... ದೇವರ ದಯಾರೀ,” ಅಂದ ಮೇಸ್ತ್ರಿ.

“ದೇವರ ಹತ್ರ ಹತ್ತೊಂಬತ್ತರ ಸ್ಪ್ಯಾನರ್ ಇದೆಯೇನ್ರೀ?” ಎನ್ನುತ್ತ ಮೇಡಂ ಫಕ್ಕೀರವ್ವನ ಕಡೆ ತಿರುಗಿದರು. “ಕೈ ತೋರ್ಸಮ್ಮ.”

ಅವಳು ಎರಡೂ ಅಂಗೈ ಚಾಚಿದಳು. ಮೇಡಂ ಒಂದೊಂದಾಗಿ ಎಣಿಸಿದರು, ಸಂತೆಯಲ್ಲಿ ಬದನೆಕಾಯಿ ಎಣಿಸುವಂತೆ. ಹತ್ತು. “ಮೇಸ್ತ್ರಿ, ನಿಮ್ದು?” ಮೇಸ್ತ್ರಿ ಬಲಗೈಯನ್ನು ಜೇಬಿನೊಳಗೆ ಇಳಿಸಿದ.

ಈ ಪ್ರೆಸ್ಸು ನಡೆಸುವಂತಿಲ್ಲ ಎಂದು ಮೇಡಂ ಅಲ್ಲೇ ಕುಳಿತು ಬರೆದರು. ಜಾಲರಿಗೆ ಕರೆಂಟಿನ ಸ್ವಿಚ್ಚು ಕೂಡಿಸಬೇಕು, ಜಾಲರಿ ಬಿಚ್ಚಿದರೆ ಯಂತ್ರ ತಿರುಗಬಾರದು, ಅದನ್ನು ತಾವೇ ಬಂದು ನೋಡುವವರೆಗೆ ಬಂದ್. ನಾಲ್ಕು ವರ್ಷ ಕಾಯುತ್ತಿದ್ದ ಘಳಿಗೆ ಬಂದಿತ್ತು. ಆದರೆ ಬಂದದ್ದು ಯಾರಿಂದ? ಆ ಹಳದಿ ಬಡಾಯಿಕೋರನಿಂದ. ನನ್ನ ಪರವಾಗಿ ಸಾಕ್ಷಿ ಹೇಳಲೂ ಅವನೇ ಬೇಕಾಯಿತು. ಇದಕ್ಕಿಂತ ಮೊಳೆಯೇ ವಾಸಿಯಿತ್ತು ಎನಿಸಿತು.

ಹದಿನೈದು ದಿನ ಪ್ರೆಸ್ಸು ನಿಂತಿತು. ಸ್ವಿಚ್ಚು ಬಂತು, ಮೇಡಂ ಮತ್ತೆ ಬಂದು ನೋಡಿದರು, ಯಂತ್ರ ತಿರುಗಿತು. ಈಗ ನಾನಿಲ್ಲದೆ ಅದು ಕದಲದು. ಫಕ್ಕೀರವ್ವ ಮಾತ್ರ ನನ್ನೊಡನೆ ಸೊಸೆಯನ್ನು ಒಲ್ಲದ ಅತ್ತೆಯಂತೆ ನಡೆದುಕೊಂಡಳು. ಚಿಮಟದಿಂದ ತಗಡು ತಳ್ಳುವಾಗೊಮ್ಮೆ, ಬಿಜಾಗರಿ ತೆಗೆಯುವಾಗೊಮ್ಮೆ ಬೈಗುಳ. ಮುಂದಿನ ಅಮಾವಾಸ್ಯೆಗೆ ಹಣ್ಣನ್ನು ಒಳಗೆ ಕಟ್ಟಲಾಗಲಿಲ್ಲ. ಏನು ಮಾಡಿದಳು ಗೊತ್ತೇ? ನನ್ನ ಹಣೆಗೇ ಕಟ್ಟಿದಳು! ಕುಂಕುಮವನ್ನು ಹಣ್ಣಿಗಷ್ಟೇ ಹಚ್ಚಿದಳು, ನನಗೆ ತಾಗದಂತೆ, ಎಚ್ಚರದಿಂದ.

ಮೂರು ತಿಂಗಳಾಗಿರಬೇಕು. ಊಟದ ಹೊತ್ತು ಹತ್ತಿರವಿತ್ತು. ಒಳಗೆ ಒಂದು ತಗಡು ಸೊಟ್ಟ ಕೂತಿತು. ಫಕ್ಕೀರವ್ವನ ಬಲಗೈ ಹಳೆಯ ಅಭ್ಯಾಸದಲ್ಲಿ ಚಿಮಟ ಬಿಟ್ಟು ತಾನೇ ಮುಂದೆ ಹೋಯಿತು. ಗೆಣ್ಣುಗಳು ನನ್ನ ತಂತಿಗೆ ಬಡಿದು ತರಚಿದವು. ಅದೇ ಕ್ಷಣ, ಯಾರೂ ಪೆಡಲು ತುಳಿಯದೆ, ಮುಷ್ಟಿ ತಾನಾಗಿ ಕೆಳಗೆ ಬಿತ್ತು. ಧಡ್. ಮತ್ತೊಮ್ಮೆ ಧಡ್.

“ಯಪ್ಪಾ! ನಾ ತುಳದಿಲ್ಲೋ! ತಾನಾ ಬಿತ್ತೋ!”

ಮೇಸ್ತ್ರಿ ಓಡಿಬಂದು ಕರೆಂಟು ತೆಗೆದ. ಬಿಚ್ಚಿ ನೋಡಿದರೆ ಮುಷ್ಟಿಯನ್ನು ತಡೆದು ಹಿಡಿಯುವ ಕ್ಲಚ್ಚಿನದೊಂದು ತುಂಡು ಮುರಿದಿತ್ತು. ಫಕ್ಕೀರವ್ವ ನೆಲದ ಮೇಲೆ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದು ನೋಡಿದಳು, ಬೇರೆ ಯಾರದೋ ಕೂಸನ್ನು ನೋಡುವಂತೆ. ಆಮೇಲೆ ಎದ್ದಳು. ನನ್ನ ಕಡೆ ಬಂದಳು. ಇನ್ನೇನು ಎಂದು ನಾನು ತಂತಿ ತಂತಿಯಲ್ಲೂ ಕಾದೆ. ಅವಳು ಕೈ ಎತ್ತಿ ನನ್ನ ಹಣೆಯ ಮೇಲಿದ್ದ ನಿಂಬೆಹಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ನಿಂಬಿಹಣ್ಣ ನನ್ನ ಕೈ ಉಳಸ್ತು ನೋಡ್ರಿ.”

“ಹೌದವಾ,” ಅಂದ ಮೇಸ್ತ್ರಿ. “ಅದರ ಬೋಲ್ಟ್ ಟೈಟ್ ಮಾಡಿದಾವ ನಾನ.”

ಎಲ್ಲರೂ ನಕ್ಕರು, ಫಕ್ಕೀರವ್ವ ಅಳುತ್ತಲೇ ನಕ್ಕಳು. ನನಗೆ ನಗು ಬರಲಿಲ್ಲ. ಸೆಡವಿನಲ್ಲಿ ಇಡೀ ಸಂಜೆ ಗಾಳಿ ಬೀಸಿದಾಗೆಲ್ಲ ಕಿರಗುಟ್ಟಿದೆ.

ಕ್ಲಚ್ಚು ರಿಪೇರಿಯಾದ ಮರುದಿನ ಬೆಳಗ್ಗೆ ಅವಳು ಬಂದವಳೇ ಸೆರಗು ಸಿಕ್ಕಿಸಿ, ಮೇಸ್ತ್ರಿಯ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದುಕೊಂಡಳು. ನನ್ನ ನಾಲ್ಕೂ ಬೋಲ್ಟನ್ನು ಒಂದೊಂದಾಗಿ ತಿರುವಿ ನೋಡಿದಳು. ಆಮೇಲಷ್ಟೇ ಪ್ರೆಸ್ಸು ಚಾಲೂ. ಅಂದಿನಿಂದ ಹನ್ನೊಂದು ವರ್ಷ ಒಂದು ದಿನವೂ ಅದು ತಪ್ಪಲಿಲ್ಲ. ಅಮಾವಾಸ್ಯೆಗೆ ನಿಂಬೆಹಣ್ಣಿಗೆ ಕುಂಕುಮ, ದಿನಾ ಬೆಳಗ್ಗೆ ನನಗೆ ಸ್ಪ್ಯಾನರ್. ಯಾರ ಪಾಲು ದೊಡ್ಡದು ಎಂದು ನಾನು ಅನೇಕ ಸಲ ಲೆಕ್ಕ ಹಾಕಿದ್ದೇನೆ. ಪ್ರತಿ ಸಲವೂ ಕುಂಕುಮವೇ ಬೇಕೆನಿಸಿದೆ.

ಹೊಸ ಯಂತ್ರ ಬಂದಾಗ ನನಗೆ ವಯಸ್ಸಾಗಿತ್ತು. ಅದಕ್ಕೆ ಜಾಲರಿ ಬೇಡ. ಕಣ್ಣಿಗೆ ಕಾಣದ ಬೆಳಕಿನ ಗೆರೆ ಕಾವಲಿರುತ್ತದಂತೆ, ಕೈ ಅಡ್ಡ ಬಂದರೆ ಯಂತ್ರ ನಿಲ್ಲುತ್ತದಂತೆ. ತೂಕವಿಲ್ಲದ, ತುಕ್ಕು ಹಿಡಿಯದ ಆ ಬೆಡಗಿನ ಮೇಲೆ ನನಗಿರುವ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ. ನನ್ನನ್ನು ಗುಜರಿ ರಾಶಿಗೆ ಎಸೆದರು. ಕೆಲಸ ಬಿಡುವ ದಿನ ಫಕ್ಕೀರವ್ವ ರಾಶಿಯೆದುರು ನಿಂತಳು.

“ಮಾಲಕ್ರ, ಈ ಕೋಳಿ ಪಂಜರ ನಾ ಒಯ್ತೀನ್ರಿ.”

“ಕೋಳಿ ಸಾಕ್ತಿ ಏನವಾ?”

“ಇಲ್ರಿ, ಗಿಡಕ್ಕ.”

ಈಗ ಅವಳ ಹಿತ್ತಿಲಿನ ಗೋಡೆಗೆ ಒರಗಿ ಒಂದು ಗಿಡದ ಮೂರು ಮಗ್ಗುಲಿಗೂ ನಿಂತಿದ್ದೇನೆ. ಯಾವ ಗಿಡವೆಂದು ನೀವು ಆಗಲೇ ಊಹಿಸಿರುತ್ತೀರಿ. ಪಕ್ಕದ ಮನೆಯ ಮೇಕೆ ದಿನಕ್ಕೆರಡು ಸಲ ಮೂತಿ ತೂರಿಸಲು ಬರುತ್ತದೆ, ಬಡಿಸಿಕೊಂಡು ಹೋಗುತ್ತದೆ. ಯಾರನ್ನು ಕಾಯುತ್ತಿದ್ದೇನೆ ಎಂದು ನೆನೆದರೆ ಮೈಯೆಲ್ಲ ಕಿರಗುಟ್ಟುತ್ತದೆ. ಆದರೂ ಮೇಕೆಯನ್ನು ಬಿಟ್ಟಿಲ್ಲ.

ಮೊನ್ನೆ ಮೊದಲ ಕಾಯಿ ಹಣ್ಣಾಯಿತು. ಫಕ್ಕೀರವ್ವ ಬಲೆಯೊಳಗೆ ಕೈ ಹಾಕಲು ನೋಡಿ, ಆಗದೆ, ನನ್ನ ಮೇಲಿನಿಂದ ಬಗ್ಗಿ ಕಿತ್ತಳು. “ಹಾಳಾದ್ದು, ಮೊದಲಿಂದ್ಲೂ ಹಿಂಗ. ಕೈ ಒಳಗ ಹೋಗಾಕ ಬಿಡೂದಿಲ್ಲ,” ಅಂದಳು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಅವಳಾಡಿದ ಮೊದಲ ಸರಿಯಾದ ಮಾತು.

ಆಮೇಲೆ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ನಾನು ಎಣಿಸಿದೆ. ಎಡಗೈಯಲ್ಲಿ ಐದು, ಬಲಗೈಯಲ್ಲಿ ಐದು.

ಒತ್ತಿಕೊಳ್ಳಲಿ.