ಹಗ್ಗದ ಇನ್ನೊಂದು ತುದಿ

"ಏ ಹುಡುಗಿ, ಕ್ಯಾನಿಗಿ ಕೈ ಹಚ್ಚಬ್ಯಾಡ. ಮಠಕ್ಕ ಹೋಗೂ ಹಾಲದು. ನಿನ್ನ ಹೆಂಡಿ ನೀ ಬಳಕೊ."

ಚನ್ನಮ್ಮ ಕಟ್ಟೆಯ ಮೇಲಿಂದಲೇ ಕೂಗಿದಳು. ಪ್ರಜ್ಞಾ ಕ್ಯಾನನ್ನು ಮುಟ್ಟಿರಲಿಲ್ಲ. ಮುಚ್ಚಳದ ಮೇಲೆ ಕೂತ ನೊಣ ಓಡಿಸಲು ಕೈ ಬೀಸಿದ್ದಳು, ಅಷ್ಟೇ. ಆದರೂ ಹಾಲು ಕರೆಯುವ ಸೋಮಲಿಂಗ ಓಡಿಬಂದು ಕ್ಯಾನಿನ ಮೇಲೆ ನೀರು ಚಿಮುಕಿಸಿ ಆಚೆ ಸರಿಸಿದ. ಪ್ರಜ್ಞಾ ಬಗ್ಗಿ ಬುಟ್ಟಿಗೆ ಸೆಗಣಿ ತುಂಬತೊಡಗಿದಳು. ಮೈಯೆಲ್ಲ ಉರಿಯಿತು. ಪಶುಪಾಲನೆಯಲ್ಲಿ ಪದವಿ ಪಡೆದವಳು ಅವಳು. ಸಂಭಾಜಿನಗರದ ಕಾಲೇಜಿನಲ್ಲಿ ಜೊತೆಯ ಹುಡುಗರು ಹಸುವಿನ ಹಿಂದೆ ನಿಲ್ಲಲು ಹೆದರುತ್ತಿದ್ದಾಗ, ಭುಜದವರೆಗೆ ಕೈ ಹಾಕಿ ಹೊಟ್ಟೆಯೊಳಗೆ ಅಡ್ಡ ಬಿದ್ದ ಕರುವನ್ನು ತಿರುಗಿಸಿದವಳು.

ನಾಸಿಕದ ಬಳಿಯ ದಿಂಡೋರಿಯ ದ್ರಾಕ್ಷಿ ತೋಟಗಳ ನಡುವಿನ ಈ ಗೋಠಾ, ಅಂದರೆ ದನದ ಕೊಟ್ಟಿಗೆ, ಗುರುಲಿಂಗಪ್ಪನದು. ಬೀದರ ಕಡೆಯವನು. ನಾಸಿಕದಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ ಇಟ್ಟು ಬೆಳೆದು, ಈಗ ಪುಣ್ಯಕ್ಕೂ ಆಯಿತು ಪೇಟೆಗೂ ಆಯಿತು ಎಂದು ಗೀರ್ ಹಸು ಸಾಕಿದ್ದ. ಚನ್ನಮ್ಮ ಅವನ ತಾಯಿ. ಪ್ರಜ್ಞಾ ಕೆಲಸ ಕೇಳಿಕೊಂಡು ಬಂದ ದಿನ ಅವನು ಮೊದಲು ಮರಾಠಿಯಲ್ಲಿ ಮಾತಾಡಿದ್ದ. ಅವಳ ಅಪ್ಪ ಆಳಂದ ತಾಲೂಕಿನವನೆಂದು ತಿಳಿದದ್ದೇ ಮುಖ ಅರಳಿಸಿ ಕನ್ನಡಕ್ಕೆ ಹೊರಳಿದ. ನಮ್ಮ ಕಡೆ ಹುಡುಗಿ ಎಂದು ಚಹಾ ತರಹೇಳಿದ. ಯಾವ ಊರು ಎಂದ. ಯಾವ ಓಣಿ ಎಂದ. ಯಾರ ಪೈಕಿ ಎಂದ. ಮೂರನೆಯ ಉತ್ತರ ಮುಗಿಯುವಷ್ಟರಲ್ಲಿ ಚಹಾ ಬಂತು. ಅವನು ಕಣ್ಣಲ್ಲೇ ಏನೋ ಸನ್ನೆ ಮಾಡಿದ. ಕಪ್ಪು ಒಳಗೆ ಹೋಗಿ ಕಾಗದದ ಲೋಟ ಹೊರಗೆ ಬಂತು. ಪರಭಾಷೆಯವರು ಕೇಳದೆ ಬಿಟ್ಟದ್ದನ್ನು ನಮ್ಮ ಭಾಷೆಯವನು ಕೇಳಿದನಲ್ಲ ಎಂದು ಪ್ರಜ್ಞಾ ಆ ಚಹಾವನ್ನು ಹಾಗೇ ಇಟ್ಟು ಬಂದಿದ್ದಳು.

ಕೆಲಸ ಮಾತ್ರ ಕೊಟ್ಟ. ಗೋಠಾದಲ್ಲಿ ಅವರ ಕಟ್ಟಳೆ ಬಲು ಸ್ಪಷ್ಟ. ಗೊರಸು ಕೊಳೆತರೆ, ಹುಳ ಬಿದ್ದರೆ, ಭೇದಿ ಕಿತ್ತುಕೊಂಡರೆ ಪ್ರಜ್ಞಾ. ಕೆಚ್ಚಲು ಬಾತಾಗ ಅದು ಅವಳದು. ಬಾವು ಇಳಿದ ಮೇಲೆ ಸೋಮಲಿಂಗನದು. ವಾಸಿಯಾದ ಹಸುವಿನ ಮೈಮೇಲೆ ಚನ್ನಮ್ಮ ಗಂಜಲ ಚಿಮುಕಿಸಿ ಒಳಗೆ ಕಟ್ಟಿಸುತ್ತಿದ್ದಳು. ಔಷಧದ ಚೀಲವನ್ನು ಒಳಗೆ ತರುವಂತಿರಲಿಲ್ಲ. ಅದು ಅಂಗಳದ ಬೇವಿನ ಮರಕ್ಕೆ ನೇತಾಡುತ್ತಿತ್ತು. ಎಲ್ಲವನ್ನೂ ಅವಳು ಹಲ್ಲು ಕಚ್ಚಿ ಸಹಿಸಿದ್ದು ಒಂದೇ ಆಸೆಗೆ. ನ್ಯೂಜಿಲೆಂಡಿನ ಡೈರಿಗಳಲ್ಲಿ ಹಸು ನೋಡಿಕೊಳ್ಳುವ ಕೆಲಸವಿದೆ. ಆದರೆ ಗೋಠಾದಲ್ಲಿ ದುಡಿದ ಅನುಭವ ಇರಬೇಕು, ಮಾಲಕನ ಬಾಯಿಂದ ಒಳ್ಳೆಯ ಮಾತು ಬರಬೇಕು.

ಆ ಸಂಜೆ ಅವಳು ಆ ಕೆಲಸದ ಸಂದರ್ಶನಕ್ಕೆಂದು ಸಂಭಾಜಿನಗರಕ್ಕೆ ಹೊರಟಿದ್ದಳು. ಗುರುಲಿಂಗಪ್ಪ ನಗುತ್ತಲೇ ಒಪ್ಪಿದ. ಅಲ್ಲಿಯ ಕಚೇರಿಯವರು ತನಗೂ ಫೋನ್ ಮಾಡಿದ್ದರು, ಹೇಳಬೇಕಾದ್ದನ್ನೆಲ್ಲ ಹೇಳಿದ್ದೇನೆ ಎಂದ. ಆ ನಗೆ ಅವಳಿಗೆ ಸರಿಬರಲಿಲ್ಲ. ಹೊರಡುವ ಮುಂಚೆ ತಾಂಬಡಿಯ ಬಳಿ ಹೋದಳು. ತಾಂಬಡಿ ಕೆಂಪು ಬಣ್ಣದ ಗೀರ್, ದಿನ ತುಂಬಿತ್ತು, ಇವಳ ಹೆಜ್ಜೆಯ ಸಪ್ಪಳಕ್ಕೆ ಕಿವಿ ನಿಮಿರಿಸುತ್ತಿತ್ತು. ಆ ಗೋಠಾದಲ್ಲಿ ಅವಳನ್ನು ಮೂಸಿ, ನೆಕ್ಕಿ, ಮುಟ್ಟಿಸಿಕೊಳ್ಳುತ್ತಿದ್ದದ್ದು ಅದೊಂದೇ.

"ಸೋಮಣ್ಣ, ಈದ ಮ್ಯಾಲ ಇದರ ಕಿವಿ ಮುಟ್ಟಿ ನೋಡ್ಕೋತಿರ್ರಿ. ತಣ್ಣಗಾದ್ವು ಅಂದ್ರ ಕೂಡ್ಲೇ ಡಾಕ್ಟರಿಗಿ ಕರೀರಿ. ಕ್ಯಾಲ್ಸಿಯಂ ಬಾಟಲಿ ನನ್ನ ಚೀಲದಾಗ ಅದ" ಎಂದಳು. ಸೋಮಲಿಂಗ ತಲೆಯಾಡಿಸಿದ.

ಬಸ್ಸು ಯೇವಲಾ ದಾಟುವಾಗ ಅವಳಿಗೆ ಅಪ್ಪನ ನೆನಪಾಯಿತು. ಅಪ್ಪ ಚಂದ್ರಾಮಪ್ಪ ನಾಸಿಕದಲ್ಲಿ ಕಟ್ಟಡ ಕೆಲಸದ ಕೂಲಿ. ಊರಲ್ಲಿದ್ದಾಗ ಸತ್ತ ದನ ಎಳೆಯುವುದು ಅವನ ಮನೆಯ ಪಾಲಿಗೆ ಬಂದ ಚಾಕರಿ. ಹೆಂಡತಿ ಹನುಮವ್ವ ಚೊಚ್ಚಲ ಬೇನೆ ತಿನ್ನುತ್ತಿದ್ದ ದಿನವೇ ಗೌಡರ ಎತ್ತು ಸತ್ತಿತು. ಮೊದಲು ಎತ್ತು ಎಳಿ, ಹೆಣ್ಣು ಹಡೆಯೋದು ಇದ್ದದ್ದೇ ಎಂದರು. ಎಳೆದು ಬಂದು ನೋಡಿದರೆ ಕೂಸು ಹೋಗಿಬಿಟ್ಟಿತ್ತು. ಆ ನಾರುವ ಕೈಯಲ್ಲಿ ಅದನ್ನು ಎತ್ತಿಕೊಳ್ಳಲೂ ಮನಸ್ಸು ಬರಲಿಲ್ಲವೆಂದು ಅಪ್ಪ ಒಂದೇ ಒಂದು ಸಲ ಹೇಳಿ ಅತ್ತಿದ್ದ. ಹಗ್ಗವನ್ನು ಗೌಡರ ಅಂಗಳಕ್ಕೆ ಎಸೆದು, ಹೆಂಡತಿಯನ್ನು ಕರೆದುಕೊಂಡು ರೈಲು ಹತ್ತಿದ್ದ. ಆಮೇಲೆ ಹುಟ್ಟಿದವಳು ಪ್ರಜ್ಞಾ. ಹೆಸರು ಇಟ್ಟದ್ದು ನಾಸಿಕದ ಓಣಿಯ ಬುದ್ಧವಿಹಾರದವರು.

ಅಪ್ಪ ಅವಳಿಗೆ ಅ ಆ ಇ ಈ ಕಲಿಸಲಿಲ್ಲ, ಅವನಿಗೇ ಬರುತ್ತಿರಲಿಲ್ಲ. ಒಂದು ಮಾತು ಮಾತ್ರ ಬಾಯಿಪಾಠ ಮಾಡಿಸಿದ್ದ. ಸಂಬಂಧಿಕರ ಮದುವೆಗೆ ಊರಿಗೆ ಹೋದಾಗ ಯಾರಾದರೂ ಕೇಳೇ ಕೇಳುತ್ತಾರೆ, ಏನಲೇ, ದನ ಸತ್ರ ಯಾರು ಎಳೀಬೇಕು ಈಗ, ಅಂತ. ಆಗ ಎದೆ ಸೆಟೆಸಿ ಹೇಳಬೇಕು: "ನಾವಲ್ಲ. ನಮ್ಮಪ್ಪ ಬಿಟ್ಟಾನ." ಮೂರು ವರ್ಷದ ಮಗುವಾಗಿದ್ದಾಗಲೇ ಅವಳು ಅದನ್ನು ಹೇಳಿ ಅಪ್ಪನಿಂದ ಮುತ್ತು ಇಸಿದುಕೊಂಡಿದ್ದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದೇ ಬರುತ್ತಿತ್ತು.

ಪರದೇಶದ ಕೆಲಸ ಕೊಡಿಸುವ ಕಚೇರಿ ಸಂಭಾಜಿನಗರದ ಕಿರಿದಾದ ಮಹಡಿಯ ಮೇಲಿತ್ತು. ಅದನ್ನು ನಡೆಸುವ ರವಿಕಾಂತ ಕಲಬುರಗಿಯವನೇ. ಬೆಳಿಗ್ಗೆ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ತಾನು ಬದಿಗೆ ನಿಂತ. ಪರದೆಯ ಮೇಲೆ ನೆರೆತ ಕೂದಲಿನ ಹೆಂಗಸೊಬ್ಬಳು ಬಂದಳು. ಡೈರಿಯ ಒಡತಿ ಅವಳೇ. ರಬ್ಬರ್ ಬೂಟಿನಲ್ಲೇ ಕೂತಿದ್ದಳು, ಹಿಂದೆ ಹಸುಗಳ ಸದ್ದು ಕೇಳುತ್ತಿತ್ತು. ಕರು ಹುಟ್ಟಿದಾಗ ಮೊದಲು ಏನು ಮಾಡುತ್ತೀ ಎಂದಳು. ಗಿಣ್ಣದ ಹಾಲನ್ನು ಎಷ್ಟು ಹೊತ್ತಿನೊಳಗೆ ಕುಡಿಸುತ್ತೀ ಎಂದಳು. ಪ್ರಜ್ಞಾ ಇಂಗ್ಲಿಷಿನಲ್ಲಿ ತೊದಲುತ್ತ ಆರಂಭಿಸಿ, ಹಸುವಿನ ಮಾತು ಬಂದಂತೆ ಭಯ ಮರೆತು, ತಾಂಬಡಿ ತನ್ನ ಹೆಜ್ಜೆಯ ಸಪ್ಪಳಕ್ಕೆ ಕಿವಿ ನಿಮಿರಿಸುವುದನ್ನೂ ಹೇಳಿಬಿಟ್ಟಳು. ಆ ಹೆಂಗಸು ನಕ್ಕಳು. ರವಿಕಾಂತ ಹೆಬ್ಬೆರಳು ಎತ್ತಿ ತೋರಿಸಿದ.

ಕೊನೆಗೆ ಆ ಹೆಂಗಸು ಕೇಳಿದಳು: "ನೀನು ಒಬ್ಬಳೇ ಇದ್ದಾಗ ಹಸು ಸತ್ತಿತು ಅಂತಿಟ್ಟುಕೊ. ಅದನ್ನು ಎಳೆದು ಹೊರಗೆ ಹಾಕುವ ಕೆಲಸ ಮಾಡುತ್ತೀಯಾ?"

ಪ್ರಜ್ಞಾಳ ಕಿವಿ ಗುಂಯ್ ಎಂದಿತು. ಗುರುಲಿಂಗಪ್ಪ ಫೋನಿನಲ್ಲಿ ಹೇಳಿದ್ದೇನೆಂದು ಈಗ ತಿಳಿಯಿತು, ಆ ನಗೆಯ ಅರ್ಥವೂ ಆಯಿತು. ಏಳು ಸಮುದ್ರದಾಚೆಗೂ ತಲುಪಿಸಿದ್ದಾನೆ ಸೂಳೆಮಗ.

"ಇಲ್ಲ ಮೇಡಂ, ನಾವಲ್ಲ. ನಮ್ಮಪ್ಪ ಅದನ್ನು ಬಿಟ್ಟಿದ್ದಾನೆ" ಎಂದಳು. ಎದೆ ತಾನಾಗಿಯೇ ಸೆಟೆಯಿತು.

ಆ ಹೆಂಗಸಿಗೆ ಏನೂ ಅರ್ಥವಾಗಲಿಲ್ಲ. ನಿನ್ನ ತಂದೆಯ ಮಾತು ಇಲ್ಲೇಕೆ ಎಂದಳು. ಪ್ರಜ್ಞಾ, ನಮ್ಮ ಬಗ್ಗೆ ನಿಮಗೆ ಯಾರು ಹೇಳಿದರೆಂದು ನನಗೆ ಗೊತ್ತು, ಆ ಕೆಲಸಕ್ಕೆ ಬೇರೆ ಯಾರನ್ನಾದರೂ ಕರೆದುಕೊಳ್ಳಿ ಎಂದಳು. ಹೆಂಗಸು, ನಮ್ಮಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡಬೇಕಾಗುತ್ತದೆ ಮಗಳೇ ಎಂದು ಮೆತ್ತಗೆ ಹೇಳಿ, ಬಂದದ್ದಕ್ಕೆ ಧನ್ಯವಾದ ಎಂದು ಪರದೆಯಿಂದ ಮರೆಯಾದಳು.

ರವಿಕಾಂತ ತಲೆ ಮೇಲೆ ಕೈ ಹೊತ್ತು ಕೂತ. ಅವನಿಗೆ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು.

"ಅದು ಎಲ್ಲಾರಿಗೂ ಕೇಳ್ತಾರ ಪ್ರಜ್ಞಾ. ಬ್ರಾಹ್ಮಣರ ಹುಡುಗ ಹೋದ್ರೂ ಕೇಳ್ತಾರ. ಕೈಗವಸು ಹಾಕ್ಕೋತೀನಿ, ಬ್ಯಾರೆ ದನ ದೂರ ಕಟ್ತೀನಿ, ಎಳದು ಹೊರಗ ಹಾಕಿ ಗಾಡಿಗಿ ಕರೀತೀನಿ ಅಂದ್ರ ಮುಗೀತಿತ್ತು. ಅಲ್ಲಿ ಆಕಿನೇ ಎಳೀತಾಳ, ಮಾಲಕಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ಹೇಳಿದ ಉತ್ತರವನ್ನು ಕಾಲೇಜಿನ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದವಳು ಅವಳೇ. ಜಾತಿ ಕೇಳದ ಪ್ರಶ್ನೆಯೊಂದನ್ನು ಜೀವಮಾನದಲ್ಲಿ ಮೊದಲ ಸಲ ಯಾರೋ ಕೇಳಿದ್ದರು, ಅದು ಅವಳಿಗೆ ಗುರುತೇ ಸಿಗಲಿಲ್ಲ. ಮೆಟ್ಟಿಲ ಮೇಲೆ ಕೂತು ಓಡಾಡುವವರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತಳು. ಇನ್ನೊಂದು ಡೈರಿಯವರು ಬರುವ ತಿಂಗಳು ಮಾತಾಡಲಿದ್ದಾರೆ, ಮಾಲಕನನ್ನು ಮತ್ತೆ ಕೇಳುತ್ತಾರೆ, ಅಲ್ಲಿ ಮಾತ್ರ ಕೆಡಿಸಿಕೊಳ್ಳಬೇಡ ಎಂದು ರವಿಕಾಂತ ನೀರು ತಂದುಕೊಟ್ಟು ಹೇಳಿದ.

ಮರುದಿನ ಬೆಳಿಗ್ಗೆ ಗೋಠಾಕ್ಕೆ ಬಂದಾಗ ಹಾಲಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಒಳಗೆ ಕ್ಯಾನುಗಳು ತುಂಬಿ ಕೂತಿದ್ದವು. ಬಾಗಿಲಿಗೆ ಅಡ್ಡವಾಗಿ ತಾಂಬಡಿ ಸತ್ತು ಬಿದ್ದಿತ್ತು, ಅದನ್ನು ದಾಟಿಸಿ ಹಾಲು ಹೊರಗೆ ಒಯ್ಯುವಂತಿರಲಿಲ್ಲ. ಕುತ್ತಿಗೆ ಪಕ್ಕೆಯ ಕಡೆ ತಿರುಗಿತ್ತು. ಕಿವಿ ಮುಟ್ಟಿದಳು, ಕೊರೆಯುತ್ತಿತ್ತು. ಒಳಗಿನಿಂದ ಅದರ ಕರು ಅರಚುತ್ತಿತ್ತು.

ಬೇವಿನ ಮರದ ಚೀಲ ಕಟ್ಟಿದಂತೆಯೇ ಇತ್ತು.

ಸೋಮಲಿಂಗ ಅವಳ ಕಣ್ಣು ತಪ್ಪಿಸಿದ. ನಿನ್ನೆ ಈದದ್ದೇ ಕುಸಿಯಿತಂತೆ. ಕಿವಿ ತಣ್ಣಗಾದದ್ದನ್ನು ಅವನು ಹೇಳಿದ್ದನಂತೆ. ದೃಷ್ಟಿ ತಾಗಿದೆ ಎಂದು ಚನ್ನಮ್ಮ ಮೆಣಸಿನಕಾಯಿ ನಿವಾಳಿಸಿ, ಮಠದಿಂದ ತಾಯತ ತರಿಸಿ ಕಟ್ಟಿದಳಂತೆ. ಡಾಕ್ಟರು ಬಂದದ್ದು ಎಲ್ಲ ಮುಗಿದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಚೀಲ ಯಾಕೆ ಬಿಚ್ಚಲಿಲ್ಲ ಎಂದು ಪ್ರಜ್ಞಾ ಕೇಳಿದಳು. ಅವನು ಚನ್ನಮ್ಮನ ಕಡೆ ನೋಡಿದ.

ಗುರುಲಿಂಗಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು, ಪಂಚೆಯ ಚುಂಗಿನಿಂದ ಮೂಗು ಮುಚ್ಚಿ ಬಂದ.

"ಛಲೋ ಆತು ಬಂದಿ. ನಿಮ್ಮಪ್ಪಗೂ ಫೋನ್ ಹಚ್ಚೀನಿ, ಬರ್ಲತ್ತಾನ. ಇಬ್ಬರೂ ಕೂಡಿ ಎಳದು ಹಾಕ್ರಿ. ಇಲ್ಲಿಯವ್ರಿಗಿ ನಮ್ಮ ಪದ್ಧತಿ ಗೊತ್ತಿಲ್ಲ. ನಿಮಗ ಹೇಳ್ಬೇಕಾ?"

ಅವನು ದನಿ ತಗ್ಗಿಸಿ, ಪರದೇಶದವರು ಇನ್ನೊಮ್ಮೆ ಫೋನ್ ಮಾಡಿದರೆ ಚಿನ್ನದಂಥ ಹುಡುಗಿ ಅನ್ನುತ್ತೇನೆ, ಇಲ್ಲವಾದರೆ ನಿನ್ನ ಹಣೆಬರಹ ಎಂದ. ಹಾಲಿನ ಗಾಡಿ ಮತ್ತೆ ಹಾರ್ನ್ ಹೊಡೆಯಿತು.

ಅವಳು ಚೀಲ ಬಿಚ್ಚಿ ಕೈಗವಸು ಹಾಕಿಕೊಂಡಳು. ಗೋಡೆಯ ಮೇಲಿನ ಉದ್ದದ ಹಗ್ಗ ತಂದು ಅದರ ನಡುಭಾಗವನ್ನು ತಾಂಬಡಿಯ ಹಿಂಗಾಲುಗಳಿಗೆ ಗಂಟು ಹಾಕಿ ಬಿಗಿದಳು. ಹಣೆಯನ್ನು ಒಮ್ಮೆ ಸವರಿದಳು. ಚನ್ನಮ್ಮ ಸಮಾಧಾನದಿಂದ ಕಟ್ಟೆ ಮೇಲೆ ಕೂತಳು. ಪ್ರಜ್ಞಾ ಹಗ್ಗದ ಒಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು, ಇನ್ನೊಂದು ತುದಿಯನ್ನು ಒಯ್ದು ಗುರುಲಿಂಗಪ್ಪನ ಕಾಲಬುಡದಲ್ಲಿ ಇಟ್ಟಳು. ಇನ್ನೊಂದು ಜೊತೆ ಕೈಗವಸನ್ನೂ ಅದರ ಮೇಲಿಟ್ಟಳು.

"ಹಿಡೀರಿ. ಅಲ್ಲಿ ಮಾಲಕರೇ ಎಳೀತಾರಂತ್ರಿ. ನೀವೊಂದು ಕಡಿ, ನಾನೊಂದು ಕಡಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಕೆಂಪೇರಿತು. "ಏನಂದಿ? ನಿಮ್ಮವ್ವನ... ನಾಲ್ಕಕ್ಷರ ಕಲ್ತ ಕೂಡ್ಲೇ ಸೊಕ್ಕು ಬಂತೇನ ರಂಡಿ? ಈ ಜನ್ಮದಾಗ ನೀ ಪರದೇಶ ನೋಡಂಗಿಲ್ಲ, ತಿಳಕೊ."

ಚನ್ನಮ್ಮ ಶಿವಶಿವಾ ಎಂದು ಎದ್ದು ನಿಂತಳು. ಸೋಮಲಿಂಗ ಒಂದು ಹೆಜ್ಜೆ ಮುಂದಿಟ್ಟ, ಯಜಮಾನನ ಮುಖ ನೋಡಿ ಹಿಂದಕ್ಕೆ ಸರಿದ. ಪ್ರಜ್ಞಾ ತಾಂಬಡಿಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಅಳು ಬರುತ್ತಿತ್ತು, ಅದು ಬೈಗುಳಕ್ಕಲ್ಲ, ತಾಂಬಡಿಗೆ. ಒಂದು ಸೂಜಿಯಲ್ಲಿ ಎದ್ದು ನಿಲ್ಲುತ್ತಿದ್ದ ಜೀವ.

ಚಂದ್ರಾಮಪ್ಪ ಬಂದಾಗ ಅವನ ಮೈತುಂಬ ಸಿಮೆಂಟಿನ ಪುಡಿ ಇತ್ತು. ಸೈಟಿನಿಂದ ನೇರ ಬಂದಿದ್ದ. ಬಾಗಿಲಲ್ಲಿ ಬಿದ್ದ ಹಸುವನ್ನು ನೋಡಿದ, ಮಗಳ ಕೈಗೆ ಸುತ್ತಿದ್ದ ಹಗ್ಗ ನೋಡಿದ, ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಗುರುಲಿಂಗಪ್ಪ ಏನೇನೋ ಒದರುತ್ತಿದ್ದ. ಪರದೇಶ ಎಂಬ ಒಂದು ಮಾತು ಮಾತ್ರ ಚಂದ್ರಾಮಪ್ಪನ ಕಿವಿಗೆ ಬಿತ್ತು. ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಸೊಂಟಕ್ಕೆ ಬಿಗಿದ.

"ನೀ ಏಳವ್ವ. ಕೈ ತೊಳ್ಕೊ. ನಿನ್ನ ದಾರಿ ಸಾಫ್ ಆಗ್ತದಂದ್ರ ಇದೊಂದು ಸಲ ನಾ ಎಳೀತೀನಿ" ಎಂದ.

ಗುರುಲಿಂಗಪ್ಪನ ಕಾಲಬುಡದಲ್ಲಿದ್ದ ತುದಿಯತ್ತ ಅವನು ಬಗ್ಗಿದ. ಎಂದೋ ಬಿಟ್ಟ ಕೆಲಸವಾದರೂ ಅವನ ಬೆನ್ನಿಗೆ ಎಷ್ಟು ಬಗ್ಗಬೇಕೆಂದು ಇನ್ನೂ ನೆನಪಿತ್ತು. ಅದನ್ನು ನೋಡಿದ ಪ್ರಜ್ಞಾ ಎದ್ದು ಬಂದು ಹಗ್ಗದ ಮೇಲೆ ಕಾಲಿಟ್ಟಳು.

"ಬ್ಯಾಡಪ್ಪ. ಅದು ನಿಂದಲ್ಲ, ಅವರ ತುದಿ."

ಚಂದ್ರಾಮಪ್ಪ ಬಗ್ಗಿದವನು ಹಾಗೇ ಬಹಳ ಹೊತ್ತು ನಿಂತ. ಆಮೇಲೆ ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿ, ಮಗಳ ಪಕ್ಕದಲ್ಲಿ ಬಂದು ಕೂತ. ಹಾಲಿನ ಗಾಡಿ ಕಾದು ಕಾದು ಹೊರಟುಹೋಯಿತು. ಬಿಸಿಲೇರಿದಂತೆ ತಾಂಬಡಿಯ ಹೊಟ್ಟೆ ಉಬ್ಬತೊಡಗಿತು, ಒಳಗೆ ಕ್ಯಾನುಗಳ ಹಾಲು ಒಡೆದು ವಾಸನೆ ಬಂತು. ಹಗ್ಗದ ಇನ್ನೊಂದು ತುದಿ ಬಿದ್ದಲ್ಲೇ ಬಿದ್ದಿತ್ತು, ಅದರ ಮೇಲೆ ಕೈಗವಸಿನ ಜೋಡಿಯೂ.