ವಾಯುವ್ಯದ ಹಸಿರು

ಕಪ್ಪು ಹತ್ತಿದ ಕುಂಚ ಕೈಜಾರಿ ಹಳದಿ ಬಣ್ಣದ ಚಿಪ್ಪಿಗೆ ಬಿದ್ದದ್ದೇ ತಡ, ಕೊಮಾಂಗ್ ರಸ್ತಿಯ ಎದೆ ಧಸಕ್ಕೆಂದಿತು. ಮನೆಯಲ್ಲಿದ್ದ ಹಳದಿ ಅಷ್ಟೇ. ನಾಳೆ ದ್ವೀಪಕ್ಕೆಲ್ಲ ದೊಡ್ಡದಾದ ಗಲುಂಗಾನ್ ಹಬ್ಬ. ಇವತ್ತು ಊರಿಗೆ ಊರೇ ಹಂದಿ ಕೊಯ್ಯುವ ಗಡಿಬಿಡಿಯಲ್ಲಿತ್ತು. ಉಬುದ್‌ ಪೇಟೆಯವರೆಗೆ ಹೋದರೂ ಬಣ್ಣದಂಗಡಿ ತೆರೆದಿರಲಿಕ್ಕಿಲ್ಲ.

"ಅಯ್ಯಯ್ಯೋ! ಬಾಪ, ಹೋಯ್ತು!" ಎಂದು ಮಾವನನ್ನು ಕೂಗಿದಳು.

ಹಬ್ಬದಡುಗೆಗೆ ತೆಂಗಿನಕಾಯಿ ತುರಿಯುತ್ತಿದ್ದ ಮಾವ ಓಡಿಬಂದರು. "ಏನು ಹೋಯ್ತು ಕೊಮಾಂಗ್? ಕೈ ಕೊಯ್ಕೊಂಡ್ಯಾ?"

"ಕೈ ಕೊಯ್ಕೊಂಡಿದ್ರೆ ಅರಿಶಿನ ಹಚ್ಚಬಹುದಿತ್ತು. ಹಳದಿಗೆ ಕಪ್ಪು ಬಿತ್ತು."

ಕೇರಿಯ ಗುಡಿಗೆ, ಎಂಟು ದಿಕ್ಕಿಗೂ ಅದರದರ ಬಣ್ಣ ತುಂಬಿ, ದಿಕ್ಕುಗಳ ಪಟ ಬರೆಯುವುದು ಇಷ್ಟು ವರ್ಷ ಮಾವನ ಕೆಲಸವಾಗಿತ್ತು. ಅವರ ಕೈ ನಡುಗಲು ಶುರುವಾದ ಮೇಲೆ ಈ ಸಲ ಸೊಸೆ ಕೂತಿದ್ದಳು. ಕೇರಿಯ ಯಜಮಾನ ಸುಕ್ರ ಒಂದೇ ಮಾತು ಹೇಳಿದ್ದ: ಸಂಜೆಯೊಳಗೆ ಮುಗಿಯದಿದ್ದರೆ ಅಚ್ಚು ಹಾಕಿಸಿದ ಫ್ಲೆಕ್ಸ್ ಕಟ್ಟುವುದೇ ಸೈ. ಒಮ್ಮೆ ಫ್ಲೆಕ್ಸ್ ಬಂತೆಂದರೆ ಮುಂದೆ ಈ ಮನೆಯ ಕುಂಚವನ್ನು ಕೇಳುವವರಿರುವುದಿಲ್ಲ.

ಉಳಿದಿದ್ದದ್ದು ಎರಡೇ ದಿಕ್ಕು: ಪಶ್ಚಿಮದ ಹಳದಿ, ವಾಯುವ್ಯದ ಹಸಿರು. ಹಸಿರಿನ ಟ್ಯೂಬು ಆಗಲೇ ಒಳಗೇ ಕಲ್ಲಾಗಿತ್ತು. ಈಗ ಹಳದಿಯೂ ಹೋಯಿತು.

ರಸ್ತಿ ಕುಂಚವನ್ನು ಮೆಲ್ಲಗೆ ಎತ್ತಿದಳು. ಕಪ್ಪು ಎಳೆಯೆಳೆಯಾಗಿ ಹಳದಿಗೆ ಇಳಿದಿತ್ತು. ಅದು ಇಳಿದಲ್ಲೆಲ್ಲ...

"ಬಾಪ, ಇಲ್ಲಿ ನೋಡಿ. ನನ್ನ ಕಣ್ಣು ಕೆಟ್ಟಿದೆಯಾ?"

ಮುದುಕರು ಬಗ್ಗಿದರು. ಬಗ್ಗಿದವರು ಹಾಗೇ ನಿಂತುಬಿಟ್ಟರು. ಚಿಪ್ಪಿನಲ್ಲಿ ಹಸಿರು! ಎಳೆ ಬಾಳೆಯದಲ್ಲ, ಮಾಗಿದ ಎಲೆಯ ಗಾಢ ಹಸಿರು.

"ಕಪ್ಪಿನೊಳಗೆ ಹಸಿರು ಎಲ್ಲಿತ್ತೇ?"

ರಸ್ತಿ ಪಟದ ಕಡೆ ತಿರುಗಿದಳು. ಪೂರ್ವದ ಬಿಳಿ, ದಕ್ಷಿಣದ ಕೆಂಪು. ನಡುವೆ ಆಗ್ನೇಯದ ಗುಲಾಬಿ. ಅದನ್ನು ಬಿಳಿಗೆ ಕೆಂಪು ಬೆರೆಸಿ ಅವಳೇ ಮಾಡಿದ್ದಳು. ಉತ್ತರದ ಕಪ್ಪಿಗೆ ಬಿಳಿ ಬೆರೆಸಿ ಈಶಾನ್ಯದ ಬೂದಿಯನ್ನೂ ಮಾಡಿದ್ದಳು. ಹಾಗಾದರೆ ಹಳದಿ ಪಶ್ಚಿಮಕ್ಕೂ ಕಪ್ಪು ಉತ್ತರಕ್ಕೂ ನಡುವೆ ಇರುವುದು? ವಾಯುವ್ಯ. ಹಸಿರು!

"ದಿಕ್ಕುಗಳೇ ಹೇಳ್ತಿದ್ವಲ್ಲ ಬಾಪ!"

"ಹೇಳಿದ್ರೂ ಕೇಳೋ ಕಿವಿ ಬೇಡ್ವಾ? ಹಸಿರು ಅಂದ್ರೆ ಅಂಗಡೀಲಿ ಸಿಗೋದು ಅಂತಿದ್ದೆ ನಾನು," ಎಂದು ಮಾವ ಧೊಪ್ಪನೆ ಕುಳಿತರು.

ಕಪ್ಪು ತಾಗದ ಹಳದಿಯನ್ನು ಚಮಚದಿಂದ ಆಚೆ ತೆಗೆದಿಟ್ಟು, ವಾಯುವ್ಯಕ್ಕೆ ಹಸಿರು ತುಂಬಿದಳು. ಅದು ಒಣಗಿತು. ಒಣಗುತ್ತ ಒಣಗುತ್ತ ಇನ್ನೂ ಕಪ್ಪೇರಿ ಉತ್ತರದ ಕತ್ತಲೆಯೊಳಗೆ ಮುಳುಗಿಯೇ ಹೋಯಿತು.

"ಬಿಳಿ ಹಾಕು, ಬಿಳಿ ಹಾಕು," ಎಂದರು ಮಾವ.

ಚಿಪ್ಪಿನ ಅಂಚಿನಲ್ಲಿ ಒಂದಿಷ್ಟಕ್ಕೆ ಬಿಳಿ ಬೆರೆಸಿ ನೋಡಿದಳು. ಹಸಿರು ಜ್ವರದ ಮಗುವಿನ ಮುಖದಂತೆ ಬಿಳುಚಿಕೊಂಡಿತು. ಬೇಕಾದದ್ದು ಹಳದಿಯೇ. ತೆಗೆದಿಟ್ಟಿದ್ದರಲ್ಲಿ ಅರ್ಧ ಬೆರೆಸಿದಳು. ಹಸಿರಿಗೆ ಜೀವ ಬಂತು. ಉಳಿದರ್ಧ ಪಶ್ಚಿಮಕ್ಕೆ ಸಾಲದು. ಸ್ವಲ್ಪ ಯೋಚಿಸಿ, ಪಶ್ಚಿಮಕ್ಕೆ ಮೊದಲು ಬಿಳಿ ಬಳಿದಳು, ಅದು ಒಣಗಿದ ಮೇಲೆ ಹಳದಿಯನ್ನು ತೆಳ್ಳಗೆ ಎಳೆದಳು. ಅಡಿಯ ಬಿಳಿಯಿಂದ ಹಳದಿ ದೀಪದಂತೆ ಬೆಳಗಿತು. ಕೊನೆಗೆ ವಾಯುವ್ಯಕ್ಕೆ ಹೊಸ ಹಸಿರನ್ನು ದಪ್ಪಗೆ ಹಚ್ಚುತ್ತಿದ್ದಾಗಲೇ ಬಾಗಿಲಲ್ಲಿ ಸುಕ್ರ. ಕಂಕುಳಲ್ಲಿ ಫ್ಲೆಕ್ಸ್ ಸುರುಳಿ.

"ಎಲ್ಲಿಗೆ ಬಂತಮ್ಮಾ? ಹೊತ್ತು ಮುಳುಗ್ತಿದೆ." ಪಟ ನೋಡಿದವನೇ ಹತ್ತಿರ ಬಂದ. "ಈ ಹಸಿರು ಯಾವ ಅಂಗಡೀದು?" ಎನ್ನುತ್ತ ಹೆಬ್ಬೆರಳು ಒತ್ತಿಯೇಬಿಟ್ಟ.

"ಹಸಿ!" ರಸ್ತಿ ಕಿರುಚಿದಳು.

ತಡವಾಗಿತ್ತು. ವಾಯುವ್ಯದ ನಡುವೆ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಮೂವರೂ ಬಗ್ಗಿ ಅದನ್ನೇ ನೋಡಿದರು.

ಸುಕ್ರ ಹಸಿರು ಬೆರಳನ್ನೂ ಸುರುಳಿಯನ್ನೂ ನೋಡಿಕೊಂಡ. "ಕೆಟ್ಟೆ. ದೇವರ ದಿಕ್ಕಿಗೆ ನಾನೇ ಮುದ್ರೆ ಒತ್ತಿದ್ದೀನಿ. ಇನ್ನು ಬೇರೇದನ್ನ ಯಾವ ಮುಖ ಇಟ್ಕೊಂಡು ಕಟ್ಟಲಿ?"

ಫ್ಲೆಕ್ಸ್ ಅನ್ನು ಜಗುಲಿಯ ಮೇಲಿಟ್ಟು, ಪಟದ ಇನ್ನೊಂದು ತುದಿ ಹಿಡಿದ. "ಏಳಮ್ಮಾ, ಮೆಲ್ಲಗೆ ಎತ್ತು."