ಬಾಗಿಲಿಲ್ಲದ ಕೋಣೆ

ಇನ್ನು ನಲವತ್ತು ಸೆಕೆಂಡು. ಬೆರಳನ್ನು ಕೀಬೋರ್ಡಿನ ಕೀಲಿಯ ಮೇಲಿಟ್ಟು ಕಾದ. ಐದು ಉಳಿದಾಗ ಒತ್ತಿದ. ಮುಗಿಯುತ್ತಿದ್ದ ಚಿತ್ರದ ಬೆನ್ನಿಗೇ ಇನ್ನೊಂದು ಶುರುವಾಯಿತು. ಪರದೆಯ ಮೂಲೆಯಲ್ಲಿ ಯಂತ್ರದ ವೇಗ ತೋರಿಸುವ ಐದು ಗಿಗಾಹರ್ಟ್ಸ್ ಎಂಬ ಅಂಕಿ ಕದಲಲಿಲ್ಲ. ಹಾಯೆನಿಸಿತು.

ಕಟ್ಟಡ ವಿನ್ಯಾಸದ ಕಚೇರಿಯೊಂದರಲ್ಲಿ, ಇನ್ನೂ ಕಟ್ಟದ ಮನೆಗಳ ಚಿತ್ರ ಕಂಪ್ಯೂಟರಿನಲ್ಲಿ ತೆಗೆಯುವುದು ಅವನ ಕೆಲಸ. ಯಾವ ಗೋಡೆಗೆ ಎಷ್ಟು ಬಿಸಿಲು, ಯಾವ ಕುರ್ಚಿಗೆ ಎಷ್ಟುದ್ದ ನೆರಳು ಎಂದು ಯಂತ್ರ ಗಂಟೆಗಟ್ಟಲೆ ಹೆಣಗಬೇಕು. ಲಿನಕ್ಸ್ ಹಾಕಿದ ತನ್ನ ಕಂಪ್ಯೂಟರಿನ ಪ್ರೊಸೆಸರನ್ನು, ತಯಾರಿಸಿದವರು ಹೇಳಿದ್ದಕ್ಕಿಂತ ಜೋರಾಗಿ ಓಡುವಂತೆ ಪಳಗಿಸಿದ್ದ. ಆ ವೇಗಕ್ಕೆ ಮೆಚ್ಚಿ, ಕಚೇರಿ ನಡೆಸುವ ಮೇಡಂ ಒಂದು ಪುಟ್ಟ ಕೋಣೆ ಕೊಟ್ಟಿದ್ದರು, ಹಾಲ್‌ನ ಹನ್ನೊಂದು ಜನರ ಮಾತಿನಿಂದ ದೂರ. ಬಾಗಿಲು ಹಾಕಿಕೊಂಡರೆ ಫ್ಯಾನಿನ ಸದ್ದು ಮತ್ತು ಅವನು. ಅಷ್ಟೇ. ಅಷ್ಟು ಸಾಕಿತ್ತು.

ತೊಡಕು ಒಂದೇ. ಓಡುವಾಗ ಯಂತ್ರಕ್ಕೆ ಏನೂ ಆಗುತ್ತಿರಲಿಲ್ಲ. ಕೆಲಸ ಮುಗಿದು, ವಿದ್ಯುತ್ ಉಳಿಸಲೆಂದು ಪ್ರೊಸೆಸರ್ ಜೊಂಪಿಗೆ ಜಾರಿದ ಕೂಡಲೇ ಕಲ್ಲಾಗಿಬಿಡುತ್ತಿತ್ತು. ಈ ತಿಂಗಳಲ್ಲೇ ನಾಲ್ಕು ಸಲ. ಆ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ತೆಗೆಯುವಂತಿಲ್ಲ, ಕಚೇರಿಯ ಕಟ್ಟಳೆ. "ಇನ್ನೊಂದ್ಸಲ ನಿಂತ್ರೆ ಅದೂ ನೀವೂ ಹಾಲ್‌ಗೆ," ಎಂದಿದ್ದರು ಮೇಡಂ. ಇವತ್ತು ನಾಲ್ಕಕ್ಕೆ ಬಂದು ನೋಡುತ್ತಾರೆ.

"ವೇಗ ಚೂರು ಇಳಿಸ್ರೀ, ನೆಮ್ಮದಿಯಾಗಿ ನಿದ್ದೆ ಮಾಡುತ್ತೆ," ಎಂದಿದ್ದ ಗಿಣಿ. ಹಾಲ್‌ನ ನಕ್ಷೆಗಾರ, ಯಾರ ದನಿಯನ್ನಾದರೂ ಅಣಕಿಸಬಲ್ಲವನಾದ್ದರಿಂದ ಆ ಹೆಸರು.

"ಇಳಿಸಿದ್ರೆ ಇದೂ ಎಲ್ಲರ ಕಂಪ್ಯೂಟರ್ ಥರ ಆಗುತ್ತೆ."

"ಆಗ್ಲಿ ಬಿಡಿ. ನಾವೆಲ್ಲ ಆಗಿಲ್ವಾ?"

ಅವನು ಬಾಗಿಲು ಹಾಕಿಕೊಂಡಿದ್ದ.

ಇವತ್ತಿನ ಚಿತ್ರಗಳೆಲ್ಲ ಹತ್ತು ಗಂಟೆಗೇ ಮುಗಿದಿದ್ದವು. ಯಂತ್ರಕ್ಕೆ ಬಿಡುವು ಕೊಡುವ ಹಾಗಿಲ್ಲ. ಅದಕ್ಕೇ ಪರದೆಯ ಮೇಲೆ ಒಂದು ಕೋಣೆ ಕಟ್ಟಿದ: ನಾಲ್ಕು ಗೋಡೆ, ಮೇಲೊಂದು ಚಾವಣಿ. ಕಿಟಕಿಯಿಲ್ಲ, ದೀಪವಿಲ್ಲ. ಇಲ್ಲದ ಬೆಳಕನ್ನು ಹನ್ನೆರಡು ನಿಮಿಷ ಹುಡುಕಿ ಯಂತ್ರ, ಕಚೇರಿಯವರೆಲ್ಲ ತೆರೆಯಬಲ್ಲ ಫೋಲ್ಡರಿಗೆ ಚಿತ್ರ ಹಾಕಿತು: ಕಪ್ಪು. ಮತ್ತೆ ಒತ್ತಿದ. ಮತ್ತೆ ಕಪ್ಪು. ತಾನಾಗಿಯೇ ಮರುಕಳಿಸುವಂತೆ ಒಂದು ಸಾಲು ಬರೆದಿಟ್ಟರಾಗುತ್ತಿತ್ತು. ಬರೆಯಲಿಲ್ಲ. ಹನ್ನೆರಡು ನಿಮಿಷಕ್ಕೊಮ್ಮೆ ತಾನು ಬೇಕಾಗುವುದರಲ್ಲಿ ಏನೋ ಸುಖವಿತ್ತು.

ಮಧ್ಯಾಹ್ನ ಹೆಂಡತಿಯ ಫೋನು.

"ಊಟಕ್ಕೆ ಬರ್ತೀನಿ ಅಂದಿದ್ರಿ."

"ಕೆಲಸ ಓಡ್ತಾ ಇದೆ ಕಣೇ."

"ಏನ್ ಕೆಲಸ?"

"ಒಂದು ರೂಮು."

"ಯಾರದ್ದು?"

"ಇನ್ನೂ ಗೊತ್ತಿಲ್ಲ."

"ಸರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ್ದು ಅನುಕೂಲವೇ ಆಯಿತೆಂದುಕೊಂಡು ಕೀಲಿ ಒತ್ತಿದ.

ಮೂರೂವರೆ ದಾಟಿದ ಮೇಲೆ ಮೇಜಿನ ಫೋನು ಹೊಡೆದುಕೊಂಡಿತು. ಮೇಡಂ ದನಿ, ಮಾತಿನ ಕೊನೆಗೆ ಗಂಟಲು ಸರಿಮಾಡಿಕೊಳ್ಳುವ ಅದೇ ಕೆಮ್ಮು.

"ಬೆಳಗ್ಗಿಂದ ತೆಗೀತಿದೀರಲ್ಲ, ಆ ರೂಮು... ಗಿರಾಕಿಗೆ ತೋರಿಸ್ದೆ. ಬಹಳ ಹಿಡಿಸಿಬಿಟ್ಟಿದೆ ಅವರಿಗೆ."

ಅವನು ಎದ್ದು ನಿಂತ. "ಥ್ಯಾಂಕ್ಸ್ ಮೇಡಂ."

"ಬಾಗಿಲು ಎಲ್ಲಿ ಅಂತ ಕೇಳ್ತಿದ್ದಾರೆ."

"ಬಾಗಿಲು ಇಟ್ಟಿಲ್ಲ ಮೇಡಂ."

"ಮತ್ತೆ ಒಳಗೆ ಹೋಗೋದು ಹೇಗ್ರೀ?"

ಅವನು ನಿಜವಾಗಿಯೂ ಯೋಚಿಸಿದ. "ಹೋಗೋ ಹಾಗಿಲ್ಲ ಮೇಡಂ. ಮೊದಲಿಂದ್ಲೇ ಒಳಗಿರ್ಬೇಕು."

ಫೋನಿನಲ್ಲೂ ಬಾಗಿಲಿನಾಚೆಯೂ ಒಟ್ಟಿಗೇ ನಗು ಸಿಡಿಯಿತು. ಬಾಗಿಲು ತೆರೆದರೆ ಕಿವಿಗೆ ಫೋನು ಹಿಡಿದ ಗಿಣಿ, ಅವನ ಹಿಂದೆ ಹಾಲ್‌ನ ಅಷ್ಟೂ ಜನ.

"ಮೊದಲಿಂದ್ಲೇ ಒಳಗಿರ್ಬೇಕು!" ಎಂದ ಗಿಣಿ, ಈ ಸಲ ಅವನದೇ ದನಿಯಲ್ಲಿ. ತನ್ನ ದನಿ ಹೀಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಎಷ್ಟು ತೆಳು, ಎಷ್ಟು ತೃಪ್ತ. ಅವನಿಗೂ ನಗು ಬಂತು.

ನಗುತ್ತಲೇ ತಿರುಗಿದ. ಕಪ್ಪು ಚಿತ್ರ ಮುಗಿದಿತ್ತು. ಕೀಲಿ ಒತ್ತಿರಲಿಲ್ಲ. ಮೂಲೆಯ ಅಂಕಿ ಇಳಿಯಿತು: ಐದು, ಮೂರು, ಒಂದು, ಆಮೇಲೆ ಸೊನ್ನೆ ಪಾಯಿಂಟ್ ಎಂಟು. ಫ್ಯಾನಿನ ಸದ್ದು ಇಳಿಯಿತು. ಪರದೆಯ ಗಡಿಯಾರ ಮೂರು ಮೂವತ್ತೆಂಟರಲ್ಲಿ ನಿಂತಿತು. ಮೌಸ್ ಅಲ್ಲಾಡಿಸಿದ. ಬಾಣ ಅಲ್ಲಾಡಲಿಲ್ಲ.

ಅಷ್ಟರಲ್ಲಿ, ನಾಲ್ಕಾಗುವ ಮೊದಲೇ, ಹಾಲ್‌ನಾಚೆ ಯಾರೋ ಮೇಡಂ ಹಾಗೆಯೇ ಗಂಟಲು ಸರಿಮಾಡಿಕೊಂಡರು. ಗಿಣಿಯ ಬಾಯಿ ಮುಚ್ಚಿತ್ತು.

ಒಬ್ಬೊಬ್ಬರದೇ ನಗು ಅಡಗಿತು. ಅವನು ಮಾತ್ರ ನಿಲ್ಲಿಸಲಿಲ್ಲ. ಫ್ಯಾನಿನ ಮೌನ ಹೊರಗೆ ಕೇಳಿಸದಿರಲೆಂದು ಎಲ್ಲರೂ ನಕ್ಕಿದ್ದಕ್ಕಿಂತ ಜೋರಾಗಿ ನಕ್ಕ. ಕಪ್ಪು ಪರದೆಯಲ್ಲಿ, ನಾಲ್ಕು ಗೋಡೆಗಳ ನಡುವೆ, ಅವನ ಮುಖದ ಪ್ರತಿಬಿಂಬವಿತ್ತು: ಬಾಯಿ ಅಗಲಿಸಿಕೊಂಡು, ಸದ್ದಿಲ್ಲದೆ.